ಖಾತರಿಯ ರಸ್ತೆ: ವಾಷಿಂಗ್ಟನ್ನಿನಿಂದ ಪುಣೆಯವರೆಗೆ

ಮಳೆಗಾಲ ಮುಗಿದು ದಸರಾ ಹತ್ತಿರವಾಗುತ್ತಿದ್ದಂತೆ ಮುಂಬಯಿ, ಪುಣೆ, ಹೈದರಾಬಾದುಗಳ ವಸತಿ ಸಂಘಗಳ ಸಭೆಗಳಲ್ಲಿ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ. ಆವರಣದೊಳಗಿನ ದಾರಿಗೂ ವಾಹನ ನಿಲ್ಲಿಸುವ ಜಾಗಕ್ಕೂ ಹೊಸದಾಗಿ ಡಾಂಬರು ಹಾಕಿಸಬೇಕು. ಮೂರು ಕಡೆಯಿಂದ ದರಪಟ್ಟಿ ತರಿಸಬೇಕು. ಯಾರು ಎಲ್ಲರಿಗಿಂತ ಕಡಿಮೆ ಬರೆದಿದ್ದಾರೋ ಅವರಿಗೆ ಕೆಲಸ ವಹಿಸಬೇಕು. ಎರಡು ಮಳೆ ಕಳೆಯುವಷ್ಟರಲ್ಲಿ ಅದೇ ವಿಷಯ ಅದೇ ಸಭೆಯ ಮುಂದೆ ಮತ್ತೆ ಬರುತ್ತದೆ. ಇದನ್ನು ನಮ್ಮ ಕಾಲದ, ನಮ್ಮ ದೇಶದ ಹಣೆಬರಹವೆಂದೇ ನಾವು ನಂಬಿಕೊಂಡು ಬಂದಿದ್ದೇವೆ. ಆದರೆ ಡಾಂಬರು ರಸ್ತೆಯ ಚರಿತ್ರೆಯನ್ನು ಓದಿದವರಿಗೆ ಈ ಸಮಸ್ಯೆ ಆ ರಸ್ತೆಯಷ್ಟೇ ಹಳೆಯದೆಂದು ತಿಳಿಯುತ್ತದೆ. ಕೆಲಸ ಮುಗಿದ ದಿನ ಎಲ್ಲ ರಸ್ತೆಗಳೂ ಕಪ್ಪಗೆ, ನುಣುಪಾಗಿ, ಸುಂದರವಾಗಿಯೇ ಕಾಣುತ್ತವೆ. ಒಳಗಿನ ದೋಷ ಹೊರಗೆ ಕಾಣುವ ಹೊತ್ತಿಗೆ ಗುತ್ತಿಗೆದಾರ ಹಣ ಪಡೆದು ಹೋಗಿರುತ್ತಾನೆ. ಈ ಎರಡು ದಿನಗಳ ನಡುವಿನ ಅಂತರವನ್ನು ತುಂಬುವುದು ಹೇಗೆ ಎಂಬ ಪ್ರಶ್ನೆಗೆ ಬೇರೆ ಬೇರೆ ಊರುಗಳು ಕೊಟ್ಟ ಉತ್ತರಗಳೇ ಈ ಲೇಖನದ ವಸ್ತು.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಡಾಂಬರು, ಮರಾಠಿಯಲ್ಲಿ ಡಾಂಬರ್ ಎಂದು ನಾವು ಕರೆಯುವುದು ವಾಸ್ತವದಲ್ಲಿ ಎರಡು ಬೇರೆ ವಸ್ತುಗಳನ್ನು. ಕಲ್ಲಿದ್ದಲನ್ನು ಬಿಸಿಮಾಡಿ ಅನಿಲ ತೆಗೆಯುವಾಗ ದೊರೆಯುವುದು ಟಾರು. ಕಚ್ಚಾ ತೈಲವನ್ನು ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವುದು ಬಿಟುಮೆನ್. ಇಂದಿನ ರಸ್ತೆಗಳಲ್ಲಿರುವುದು ಎರಡನೆಯದು. ಬಿಟುಮೆನ್ ನೆಲದಿಂದ ತಾನಾಗಿ ಒಸರುವ ಸ್ಥಳಗಳೂ ಇವೆ. ಮನುಷ್ಯನಿಗೆ ಮೊದಲು ಪರಿಚಯವಾದದ್ದು ಆ ಒಸರಿನಿಂದಲೇ. ಮೊಹೆಂಜೊದಾರೊದ ಮಹಾಸ್ನಾನಗೃಹದಲ್ಲಿ ನೀರು ಇಂಗದಂತೆ ಇಟ್ಟಿಗೆಯ ಹಿಂದೆ ಬಳಿದಿದ್ದ ಬಿಟುಮೆನ್ ಪದರವನ್ನು ಉತ್ಖನನಕಾರರು ಕಂಡಿದ್ದಾರೆ. ನೀರನ್ನು ತಡೆಯುವ ಗುಣ ಈ ವಸ್ತುವಿನ ಮೂಲಗುಣ. ಆದರೆ ಅದೇ ನೀರು ಸಂದಿಯಿಂದ ಒಳಹೊಕ್ಕರೆ ಜಲ್ಲಿಗೂ ಬಿಟುಮೆನ್‌ಗೂ ಇರುವ ಬೆಸುಗೆಯನ್ನು ಬಿಡಿಸಿಬಿಡುತ್ತದೆ. ರಸ್ತೆಯ ಆಯುಸ್ಸೆಲ್ಲ ಈ ಒಂದು ಹೋರಾಟದಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ ದ ತ್ರಾವೇರ್ ಕಣಿವೆಯ ಗಣಿಗಳಲ್ಲಿ ಬಿಟುಮೆನ್ ತುಂಬಿದ ಸುಣ್ಣಕಲ್ಲನ್ನು ಅಗೆಯುತ್ತಿದ್ದರು. ಗಾಡಿಗಳಿಂದ ಉದುರಿದ ಕಲ್ಲಿನ ಚೂರುಗಳು ಚಕ್ರಗಳಡಿಯಲ್ಲಿ ಅರೆದು, ಬಿಸಿಲಿಗೆ ಮೆತ್ತಗಾಗಿ, ದಾರಿಯ ಮೇಲೆ ಗಟ್ಟಿ ಹೊದಿಕೆಯಾಗುತ್ತಿದ್ದುದನ್ನು ಅಲ್ಲಿನ ಎಂಜಿನಿಯರೊಬ್ಬರು ಗಮನಿಸಿದರು. ಆ ಗಮನಿಕೆಯ ಫಲವಾಗಿ 1854ರಲ್ಲಿ ಪ್ಯಾರಿಸ್ಸಿಗೂ 1869ರಲ್ಲಿ ಲಂಡನ್ನಿನ ಥ್ರೆಡ್‌ನೀಡಲ್ ಬೀದಿಗೂ ಒತ್ತಿದ ಅಸ್ಫಾಲ್ಟ್ ಬಂತು. ಅಮೆರಿಕಕ್ಕೆ ಈ ಕಲ್ಲನ್ನು ಹಡಗಿನಲ್ಲಿ ಸಾಗಿಸುವುದು ದುಬಾರಿಯಾಗಿತ್ತು. ಬೆಲ್ಜಿಯಂನಿಂದ ವಲಸೆ ಬಂದಿದ್ದ ರಸಾಯನತಜ್ಞ ಎಡ್ವರ್ಡ್ ಡಿ ಸ್ಮೆಡ್ಟ್, ಮರಳನ್ನೂ ಬಿಟುಮೆನ್ನನ್ನೂ ಬಿಸಿಯಾಗಿ ಬೆರೆಸಿ ಆ ಕಲ್ಲಿಗೆ ಸಮನಾದ ಮಿಶ್ರಣವನ್ನು ತಯಾರಿಸಿದರು. 1870ರಲ್ಲಿ ಅದನ್ನು ನ್ಯೂಜೆರ್ಸಿಯ ನ್ಯೂವರ್ಕ್ ನಗರಸಭೆಯ ಮುಂದೆ ಹಾಸಿ ತೋರಿಸಿದರು.

ಇದೇ ವೇಳೆಗೆ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಅಂತರ್ಯುದ್ಧದ ನಂತರ ಆ ನಗರದ ಬೀದಿಗಳು ಮಳೆಯಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಪೆನ್ಸಿಲ್ವೇನಿಯ ಅವೆನ್ಯೂ ಎಂಬ ಹೆದ್ದಾರಿಗೆ ಮರದ ತುಂಡುಗಳನ್ನು ಹಾಸಿ, 1871ರ ಫೆಬ್ರವರಿಯಲ್ಲಿ ಅದರ ಮೇಲೆ ದೊಡ್ಡದೊಂದು ಉತ್ಸವವನ್ನೇ ನಡೆಸಿದರು. ಅದೇ ವರ್ಷ ರಚನೆಯಾದ ಲೋಕೋಪಯೋಗಿ ಮಂಡಳಿಯ ಚುಕ್ಕಾಣಿ ಹಿಡಿದವರು ಅಲೆಕ್ಸಾಂಡರ್ ಶೆಫರ್ಡ್. ಮಂಡಳಿ ತಾನೇ ದರ ಗೊತ್ತುಮಾಡಿ ಗುತ್ತಿಗೆಗಳನ್ನು ಹಂಚಿತು. ಊರಿನ ಚಹರೆ ಬದಲಾದದ್ದು ನಿಜ. ಆದರೆ ಮರದ ಹಾಸು ಕೆಲವೇ ವರ್ಷಗಳಲ್ಲಿ ಕೊಳೆಯಿತು. ಸಾಲ, ಕಾನೂನು ವಿಧಿಸಿದ್ದ 1 ಕೋಟಿ ಡಾಲರುಗಳ ಮಿತಿಯನ್ನು ಬಹುದೂರ ಮೀರಿತು. 1874ರಲ್ಲಿ ಸಂಸತ್ತು ತನಿಖೆ ನಡೆಸಿ ಆ ಸ್ಥಳೀಯ ಸರ್ಕಾರವನ್ನೇ ರದ್ದುಗೊಳಿಸಿತು.

ಆ ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ಗುತ್ತಿಗೆಯ ಚರಿತ್ರೆಗೆ ಮುಖ್ಯವಾದುದು. ಡಿ ಗೋಲಿಯರ್ ಎಂಬ ಷಿಕಾಗೋ ಸಂಸ್ಥೆಯ ಮರದ ಹಾಸಿಗೆ ಗುತ್ತಿಗೆ ದೊರಕಿಸುವ ಯತ್ನದಲ್ಲಿ, ಆಗ ಸಂಸತ್ತಿನ ವಿನಿಯೋಗ ಸಮಿತಿಯ ಅಧ್ಯಕ್ಷರಾಗಿದ್ದ ಜೇಮ್ಸ್ ಗಾರ್‌ಫೀಲ್ಡ್ 5,000 ಡಾಲರುಗಳ ವಕೀಲಿ ಶುಲ್ಕ ಪಡೆದಿದ್ದರು. ವಾಷಿಂಗ್ಟನ್ ನಗರದ ಖರ್ಚಿಗೆ ಹಣ ಮಂಜೂರು ಮಾಡುವ ಸಮಿತಿ ಅವರದೇ. ತಾವು ಪಡೆದದ್ದು ವೃತ್ತಿಯ ಸಂಭಾವನೆ ಮಾತ್ರವೆಂದು ಅವರು ಸಮರ್ಥಿಸಿಕೊಂಡರು. 1880ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ವಿರೋಧಿಗಳು ಈ ಮರದ ರಸ್ತೆಯನ್ನು ಮತ್ತೆ ಎತ್ತಿದರು. ಆದರೂ ಅವರು ಗೆದ್ದರು. ನಮ್ಮ ಗಮನ ಸೆಳೆಯುವುದು ಲಂಚದ ಅನುಮಾನ ಒಂದೇ ಅಲ್ಲ. ಆ ಒಪ್ಪಂದಗಳಲ್ಲಿ ಪರಿಣತರ ಸ್ವತಂತ್ರ ಪರೀಕ್ಷೆಗಿಂತ ಪ್ರಭಾವಿಗಳ ಶಿಫಾರಸಿಗೆ ಬೆಲೆ ಹೆಚ್ಚಿತ್ತು. ರಸ್ತೆ ಕೊಳೆತಾಗ ನಷ್ಟವನ್ನು ಹೊತ್ತವರು ಶಿಫಾರಸು ಮಾಡಿದವರಲ್ಲ, ತೆರಿಗೆ ಕಟ್ಟಿದವರು.

ಪೆಟ್ಟು ತಿಂದ ಊರು ಪಾಠ ಕಲಿಯಿತು. 1876ರಲ್ಲಿ, ಅಧ್ಯಕ್ಷ ಗ್ರಾಂಟ್ ಅವರ ಕಾಲದಲ್ಲಿ, ಪೆನ್ಸಿಲ್ವೇನಿಯ ಅವೆನ್ಯೂವನ್ನು ಮತ್ತೆ ಹಾಸಬೇಕಾದಾಗ ಆಯ್ಕೆಯನ್ನು ಸೈನ್ಯದ ಎಂಜಿನಿಯರುಗಳಿದ್ದ ಆಯೋಗಕ್ಕೆ ಒಪ್ಪಿಸಲಾಯಿತು. ಅವರು ಜಾಣತನ ತೋರಿದರು: ಒಂದೇ ಬೀದಿಯ ಒಂದು ಭಾಗಕ್ಕೆ ಯುರೋಪಿನ ಕಲ್ಲಿನ ಅಸ್ಫಾಲ್ಟ್, ಇನ್ನೊಂದು ಭಾಗಕ್ಕೆ ಟ್ರಿನಿಡಾಡ್ ದ್ವೀಪದ ಪಿಚ್ ಸರೋವರದ ಬಿಟುಮೆನ್ ಬೆರೆಸಿದ ಹಾಸು. ಅದೇ ಗಾಡಿ, ಅದೇ ಮಳೆ, ಅದೇ ಬಿಸಿಲು. ಟ್ರಿನಿಡಾಡ್ ಭಾಗ ಹತ್ತು ವರ್ಷಗಳ ನಂತರವೂ ಚೆನ್ನಾಗಿತ್ತು. ಮಾರುವವನ ಮಾತಿಗೆ ಕಿವಿಗೊಡುವ ಬದಲು ವಸ್ತುವನ್ನೇ ಬೀದಿಯ ಮೇಲೆ ಪರೀಕ್ಷೆಗೊಡ್ಡಿದ ಈ ಕ್ರಮದಿಂದ ಅಸ್ಫಾಲ್ಟ್ ಅಮೆರಿಕದ ನಗರಗಳಲ್ಲೆಲ್ಲ ಹರಡಿತು.

ಹರಡಿಸಿದವರಲ್ಲಿ ಪ್ರಮುಖರು ಆಮ್ಜಿ ಬಾರ್ಬರ್. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, ನಿವೇಶನಗಳ ವ್ಯಾಪಾರಕ್ಕೆ ಇಳಿದು, 1878ರಲ್ಲಿ ಅಸ್ಫಾಲ್ಟ್ ಗುತ್ತಿಗೆಗೆ ಕೈಹಾಕಿದ ಇವರು 1888ರಲ್ಲಿ ಪಿಚ್ ಸರೋವರವನ್ನೇ ಬ್ರಿಟಿಷ್ ಸರ್ಕಾರದಿಂದ 42 ವರ್ಷಗಳ ಅವಧಿಗೆ ಪಡೆದರು. 1595ರಲ್ಲಿ ವಾಲ್ಟರ್ ರಾಲಿ ತಮ್ಮ ಹಡಗುಗಳ ಸಂದು ಮುಚ್ಚಲು ಬಳಸಿದ್ದ ಕೀಲಿನ ಕೆರೆ ಅದು. ಸುಮಾರು 100 ಎಕರೆ ವಿಸ್ತಾರದ್ದು. ಕೆರೆ ಒಬ್ಬರ ಕೈಗೆ ಹೋದ ಮೇಲೆ ಟೆಂಡರಿನ ಷರತ್ತಿನಲ್ಲಿ ‘ಟ್ರಿನಿಡಾಡ್ ಸರೋವರದ ಅಸ್ಫಾಲ್ಟ್ ಮಾತ್ರ’ ಎಂದು ಬರೆದರೆ ಸಾಕು, ಸ್ಪರ್ಧೆ ಹೆಸರಿಗಷ್ಟೇ ಉಳಿಯುತ್ತಿತ್ತು. ಈ ಷರತ್ತುಗಳ ಸುತ್ತ ಅನೇಕ ವ್ಯಾಜ್ಯಗಳು ನಡೆದವು. ಸರ್ಕಾರಿ ಕಡತಗಳೊಂದಿಗೆ ಬಾಳುವ ನಮ್ಮಂಥವರಿಗೆ ಇದು ತೀರ ಪರಿಚಿತ ತಂತ್ರ: ಷರತ್ತನ್ನು ಹೊಲಿಯುವಾಗಲೇ ಅದು ಯಾರ ಮೈಗೆ ಒಪ್ಪಬೇಕೆಂದು ತೀರ್ಮಾನವಾಗಿರುತ್ತದೆ.

ಆದರೂ ಆ ಕಾಲ ಎರಡು ಒಳ್ಳೆಯ ಪದ್ಧತಿಗಳನ್ನು ಬಿಟ್ಟುಹೋಯಿತು. ಮೊದಲನೆಯದು ಪರೀಕ್ಷೆ. ಆರಂಭದಲ್ಲಿ ಬಿಟುಮೆನ್ನಿನ ಹದವನ್ನು ತಿಳಿಯಲು ಮೇಸ್ತ್ರಿಗಳು ಚೂರೊಂದನ್ನು ಬಾಯಿಗೆ ಹಾಕಿ ಅಗಿದು ನೋಡುತ್ತಿದ್ದರು! 1880ರ ದಶಕದ ಕೊನೆಯಲ್ಲಿ ಬೋವೆನ್ ಎಂಬವರು ಸೂಜಿ ಎಷ್ಟು ಆಳ ಇಳಿಯುತ್ತದೆಂದು ಅಳೆಯುವ ಯಂತ್ರ ಮಾಡಿದರು. ನಮ್ಮಲ್ಲಿ ಬಹುಕಾಲ ‘60/70’, ‘80/100’ ಎಂದು ಬಿಟುಮೆನ್ನನ್ನು ಗುರುತಿಸುತ್ತಿದ್ದುದು ಈ ಸೂಜಿಯ ಅಳತೆಯಿಂದಲೇ. 2006ರಿಂದ ಭಾರತೀಯ ಮಾನಕದಲ್ಲಿ ಸ್ನಿಗ್ಧತೆಯ ಅಳತೆ ಅದರ ಜಾಗಕ್ಕೆ ಬಂದಿದೆ. ವಾಷಿಂಗ್ಟನ್ನಿನಲ್ಲಿ ಅಸ್ಫಾಲ್ಟ್ ತನಿಖಾಧಿಕಾರಿಯಾಗಿದ್ದ ಕ್ಲಿಫರ್ಡ್ ರಿಚರ್ಡ್‌ಸನ್ ಇನ್ನೂ ಸರಳವಾದ ಉಪಾಯವನ್ನು ಬಳಕೆಗೆ ತಂದರು. ಬಿಸಿ ಮಿಶ್ರಣವನ್ನು ಕಂದು ಕಾಗದದ ಮೇಲೆ ಒತ್ತಿ, ಉಳಿದ ಕಲೆಯ ಗಾಢತೆಯಿಂದ ಬಿಟುಮೆನ್ ಕಡಿಮೆಯೋ ಹೆಚ್ಚೋ ಎಂದು ಹೇಳುವುದು. ಕಾಗದದ ಮೇಲಿನ ಆ ಕಲೆ ಯಾರ ಮಾತನ್ನೂ ಕೇಳುವುದಿಲ್ಲ.

ಎರಡನೆಯದು ಖಾತರಿ. ಶತಮಾನದ ಕೊನೆಯ ದಶಕಗಳಲ್ಲಿ ಅನೇಕ ಅಮೆರಿಕನ್ ನಗರಗಳು ಐದು ವರ್ಷಗಳವರೆಗೆ ರಸ್ತೆ ಕೆಟ್ಟರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕೆಂದು ಒಪ್ಪಂದದಲ್ಲಿ ಬರೆಸತೊಡಗಿದವು. ಈ ಪದ್ಧತಿಗೆ ಆಕ್ಷೇಪಗಳೂ ಇದ್ದವು. ಗುತ್ತಿಗೆದಾರ ಖಾತರಿಯ ಬೆಲೆಯನ್ನು ಮೊದಲೇ ದರದಲ್ಲಿ ಸೇರಿಸುತ್ತಾನೆ; ದೊಡ್ಡ ಸಂಸ್ಥೆಗಳು ಮಾತ್ರ ಅದನ್ನು ಹೊರಬಲ್ಲವು. ಎರಡೂ ನಿಜ. ಆದರೆ ಖಾತರಿ ಮಾಡಿದ ಮುಖ್ಯ ಕೆಲಸವೇನೆಂದರೆ, ಕಾಣದ ದೋಷವನ್ನು ಅದನ್ನು ಬಲ್ಲವನ ಜೇಬಿಗೇ ಕಟ್ಟಿಹಾಕಿದ್ದು.

ಭಾರತದಲ್ಲಿ ಮೋಟಾರು ವಾಹನಗಳು ಹೆಚ್ಚಿದಂತೆ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯ ಸಮಿತಿ 1928ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ ದೆಹಲಿಯಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಬಂತು. ಹೇಗೆ ಹಾಸಬೇಕೆಂಬ ವಿದ್ಯೆಗೆ ಅಂದಿನಿಂದ ಕೊರತೆಯಿಲ್ಲ. ಕೊರತೆಯಿರುವುದು ಎಲ್ಲಿ ಎಂಬುದನ್ನು ಪುಣೆಯ ಒಂದು ರಸ್ತೆ ತೋರಿಸಿಕೊಟ್ಟಿತು.

ಜಂಗಲೀ ಮಹಾರಾಜ ರಸ್ತೆಯನ್ನು ಪುಣೆಯ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಪಾತಾಳೇಶ್ವರ ಗುಹಾಲಯ ಇರುವುದೂ ಬಾಲಗಂಧರ್ವ ರಂಗಮಂದಿರ ಇರುವುದೂ ಆ ದಾರಿಯಲ್ಲೇ. 1970ರ ದಶಕದ ಮೊದಲ ಭಾಗದಲ್ಲಿ ಮಳೆಗೆ ಪುಣೆಯ ರಸ್ತೆಗಳು ಕಿತ್ತುಹೋದಾಗ, ನಗರಸಭೆಯ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದ ಯುವಕ ಶ್ರೀಕಾಂತ ಶಿರೋಳೆ, ತಮ್ಮಲ್ಲಿಗಿಂತ ಹೆಚ್ಚು ಮಳೆ ಸುರಿಯುವ ಮುಂಬಯಿಯಲ್ಲಿ ಕೆಲವು ರಸ್ತೆಗಳು ಹೇಗೆ ಉಳಿದಿವೆ ಎಂದು ವಿಚಾರಿಸಿದರು. ಉತ್ತರವಾಗಿ ದೊರೆತದ್ದು ರೆಕಾಂಡೊ ಎಂಬ, ಪಾರಸೀ ಸೋದರರ ಸಂಸ್ಥೆ. ಟೆಂಡರು ಕರೆಯದೆಯೇ ಜಂಗಲೀ ಮಹಾರಾಜ ರಸ್ತೆಯ ಕೆಲಸವನ್ನು ಅದಕ್ಕೆ ವಹಿಸಲಾಯಿತು. ಷರತ್ತು, ಹತ್ತು ವರ್ಷಗಳ ಖಾತರಿ. ಸುಮಾರು 15 ಲಕ್ಷ ರೂಪಾಯಿಯ ಆ ಕೆಲಸ ಮುಗಿದು ರಸ್ತೆ ಬಳಕೆಗೆ ಬಂದದ್ದು 1976ರ ಜನವರಿ 1ರಂದು. ಹತ್ತು ವರ್ಷ ಕಳೆಯಿತು, ಇಪ್ಪತ್ತು ಕಳೆಯಿತು, ಮೂವತ್ತು ಕಳೆಯಿತು. ಸುತ್ತಲಿನ ರಸ್ತೆಗಳು ಪ್ರತಿ ಮಳೆಗಾಲದಲ್ಲಿ ಗುಂಡಿಬಿದ್ದರೂ ಅದು ಗಟ್ಟಿಯಾಗಿಯೇ ಉಳಿಯಿತು. ಆ ಸಂಸ್ಥೆಗೆ ಪುಣೆ ನಗರಸಭೆಯಿಂದ ಮತ್ತೊಂದು ಗುತ್ತಿಗೆ ಸಿಗಲಿಲ್ಲವೆಂದು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ.

ಈ ಕೊನೆಯ ವಾಕ್ಯವನ್ನು ಓದಿ ನಿಟ್ಟುಸಿರು ಬಿಡುವುದು ಸುಲಭ. ಆದರೆ ವಾಷಿಂಗ್ಟನ್ನಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ತೊಡಕು ಎದುರಾಗುತ್ತದೆ. ಅಲ್ಲಿಯೂ ಮುಕ್ತ ಸ್ಪರ್ಧೆಯಿಲ್ಲದೆ ಗುತ್ತಿಗೆ ಕೊಟ್ಟರು, ಇಲ್ಲಿಯೂ ಕೊಟ್ಟರು. ಅಲ್ಲಿ ಮರ ಕೊಳೆಯಿತು, ಇಲ್ಲಿ ರಸ್ತೆ ಬಾಳಿತು. ಹಾಗಾದರೆ ಟೆಂಡರು ಬೇಡವೆನ್ನೋಣವೇ? ಖಂಡಿತ ಅಲ್ಲ. ಪುಣೆಯಲ್ಲಿ ಒಬ್ಬ ಪ್ರಾಮಾಣಿಕ ಅಧ್ಯಕ್ಷ ಬಳಸಿದ ಸ್ವಾತಂತ್ರ್ಯವನ್ನೇ ಇನ್ನೊಬ್ಬ ತನ್ನ ಬಂಧುವಿಗಾಗಿ ಬಳಸಬಹುದು. ಕರ್ನಾಟಕ 1999ರಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಅಧಿನಿಯಮವನ್ನು ತಂದದ್ದು ಇಂಥ ಭಯದಿಂದಲೇ. ಎರಡು ಊರುಗಳ ನಡುವಿನ ವ್ಯತ್ಯಾಸ ಟೆಂಡರಿನಲ್ಲಿರಲಿಲ್ಲ. ಪುಣೆಯಲ್ಲಿ ಗುತ್ತಿಗೆದಾರನ ಹಳೆಯ ಕೆಲಸವನ್ನು ಮಳೆಯಲ್ಲಿ ನಿಂತ ಸ್ಥಿತಿಯಲ್ಲಿ ಗುರುತಿಸಿದ್ದರು, ಮುಂದಿನ ಹತ್ತು ವರ್ಷಗಳಿಗೆ ಅವನನ್ನು ಹೊಣೆಗಾರನನ್ನಾಗಿ ಮಾಡಿದ್ದರು. ವಾಷಿಂಗ್ಟನ್ನಿನ ಮರದ ಹಾಸಿಗೆ ಈ ಎರಡೂ ಇರಲಿಲ್ಲ.

ಸರ್ಕಾರದ ನಿಯಮಗಳೂ ನಿಧಾನವಾಗಿ ಇದೇ ದಿಕ್ಕಿಗೆ ತಿರುಗಿವೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಕೆಲವು ಕಾಮಗಾರಿಗಳಲ್ಲಿ ದರದೊಡನೆ ಗುಣಮಟ್ಟಕ್ಕೂ ಅಂಕ ಕೊಟ್ಟು ಆಯ್ಕೆ ಮಾಡಬಹುದೆಂದು ಸೂಚನೆ ಹೊರಡಿಸಿತು. ಅತಿ ಕಡಿಮೆ ದರವೇ ಅತಿ ಅಗ್ಗವಲ್ಲವೆಂದು ಕಡತದ ಭಾಷೆಯಲ್ಲಿ ಒಪ್ಪಿಕೊಂಡಂತಾಯಿತು.

ಇಷ್ಟು ಚರಿತ್ರೆ ನಮ್ಮ ವಸತಿ ಸಂಘದ ಪುಟ್ಟ ಅಂಗಳಕ್ಕೆ ಏನು ಹೇಳುತ್ತದೆ? ದರಪಟ್ಟಿ ತರಿಸುವುದಕ್ಕೆ ಮುಂಚೆ, ಆ ಗುತ್ತಿಗೆದಾರ ನಾಲ್ಕೈದು ವರ್ಷದ ಹಿಂದೆ ಮಾಡಿದ ಕೆಲಸವನ್ನು ಮಳೆಗಾಲದಲ್ಲೇ ಹೋಗಿ ನೋಡಬೇಕು. ನೀರು ಎಲ್ಲಿಗೆ ಹರಿದುಹೋಗಬೇಕೆಂಬುದನ್ನು ಮೊದಲು ತೀರ್ಮಾನಿಸಿ, ಇಳಿಜಾರನ್ನೂ ಕೆಳಗಿನ ಜಲ್ಲಿಯ ಅಡಿಪಾಯವನ್ನೂ ಸರಿಪಡಿಸದೆ ಮೇಲೆ ಕಪ್ಪು ಬಳಿಯಲು ಒಪ್ಪಬಾರದು. ದಪ್ಪವನ್ನು ಬರೆಯುವಾಗ ‘ರೋಲರ್ ಹಾಯಿಸಿದ ಮೇಲಿನ ದಪ್ಪ’ ಎಂದು ಬರೆಯಬೇಕು. ಸಡಿಲವಾಗಿ ಸುರಿದಾಗಿನ ಅಳತೆ ಬೇರೆಯೇ. ಸಾಮಾನ್ಯ ಬಳಕೆಯ ಬಿಟುಮೆನ್ನಿನ ಮಿಶ್ರಣವನ್ನು 140 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬಿಸಿಯಲ್ಲಿ ಹಾಸಿ, 90ಕ್ಕೆ ಇಳಿಯುವ ಮುನ್ನ ರೋಲರಿನ ಕೆಲಸ ಮುಗಿಸಬೇಕೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆ ಹೇಳುತ್ತದೆ. ದೂರದಿಂದ ತಣ್ಣಗಾಗಿ ಬಂದ ಲಾರಿಯನ್ನು ಹಿಂದಕ್ಕೆ ಕಳಿಸುವ ಹಕ್ಕು ಒಪ್ಪಂದದಲ್ಲಿರಲಿ. ಇನ್ನೂರು ರೂಪಾಯಿಯ ಉಷ್ಣಮಾಪಕ ಅಲ್ಲಿ ರಿಚರ್ಡ್‌ಸನ್ನರ ಕಾಗದದ ಪಾತ್ರ ವಹಿಸೀತು. ವಾಹನ ನಿಲ್ಲುವ ಜಾಗದಲ್ಲಿ ತೊಟ್ಟಿಕ್ಕುವ ಎಣ್ಣೆ ಬಿಟುಮೆನ್ನನ್ನು ಕರಗಿಸುತ್ತದೆ. ಅಂಥ ಜಾಗಕ್ಕೆ ಕಾಂಕ್ರೀಟ್ ಕಟ್ಟೆಗಲ್ಲು ಹಾಸಬಹುದೇ ಎಂದು ಕೇಳುವುದು ತಪ್ಪಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಣದ ಒಂದು ಪಾಲು ಕನಿಷ್ಠ ಎರಡು ಮಳೆಗಾಲ ಕಳೆಯುವವರೆಗೆ ಸಂಘದ ಬಳಿಯೇ ಉಳಿಯಬೇಕು.

ಇವುಗಳಿಂದ ದರ ಏರುತ್ತದೆ. ಸಭೆಯಲ್ಲಿ ಯಾರಾದರೂ ಎದ್ದು, ಇದಕ್ಕಿಂತ ಅಗ್ಗವಾಗಿ ಮಾಡುವವರು ಬೇರೆ ಇದ್ದಾರೆ ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಆಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಆ ಅಗ್ಗದವನು ಮೂರನೆಯ ಮಳೆಗಾಲದಲ್ಲಿ ನಮ್ಮ ಕರೆಗೆ ಬರಲು ಬರವಣಿಗೆಯಲ್ಲಿ ಒಪ್ಪುತ್ತಾನೆಯೇ? ಒಪ್ಪಿದರೆ ಕೆಲಸ ಅವನಿಗೇ ಸಿಗಲಿ. ಕೆಲಸ ಚೆನ್ನಾಗಿ ಬಂದರೆ ಮುಂದಿನ ಕೆಲಸಕ್ಕೂ ಅವನನ್ನೇ ಕರೆಯೋಣ. ಪುಣೆಯಲ್ಲಿ ಆಗದೇ ಉಳಿದದ್ದು ಅದೊಂದೇ.