ಗಾಳದ ಕೆಳಗೊಂದು ಊರು

ಚಳಿಗಾಲದಲ್ಲಿ ಸೂಪಾ ಹಿನ್ನೀರಿಗೆ ಗಾಳ ಹಾಕೋಕೆ ಹೋಗ್ತೀರಾ? ನೀರು ತಣ್ಣಗಾದ್ರೆ ಮೀನು ಮಂದ ಆಗುತ್ತೆ, ಬೇಗ ಕಚ್ಚಲ್ಲ. ಕಾಯೋಕೆ ಟೈಮ್ ಇರುತ್ತಲ್ಲ, ಆಗ ಇದನ್ನ ನೆನಪು ಮಾಡ್ಕೊಳ್ಳಿ. ಈ ನೀರಿನ ತಳದಲ್ಲಿ ಹಳೇ ಸೂಪಾ ಊರಿದೆ. ಕಾಳಿ, ಪಾಂಢರಿ ನದಿಗಳು ಸೇರ್ತಿದ್ದ ಜಾಗ; ಆಗಿನ ತಾಲ್ಲೂಕು ಕೇಂದ್ರ. 1980ರ ದಶಕದಲ್ಲಿ ಗಣೇಶಗುಡಿ ಹತ್ರ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, ಊರು ಮುಳುಗಿತು. ಎಷ್ಟೋ ಮನೆಯವರು ರಾಮನಗರಕ್ಕೆ ಹೋದರು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಸೂಪಾ ಅನ್ನೋ ಹೆಸರು ಅಣೆಕಟ್ಟಿಗೆ ಉಳೀತು. ನಾವು ಉರಿಸೋ ಕರೆಂಟಲ್ಲಿ ಆ ಊರಿನ ಪಾಲೂ ಇದೆ.

ನಿಮ್ಮ ಕ್ಲಾಸಲ್ಲಿ ರಾಮನಗರದವರು ಇದ್ದಾರಾ? ಅವರ ಅಜ್ಜ ಅಜ್ಜಿ ಹತ್ರ ಹಳೇ ಸೂಪಾ ಹೇಗಿತ್ತು ಅಂತ ಈಗಲೇ ಕೇಳಿ, ಬರೆದಿಡಿ. ಆ ಬೀದಿಗಳಲ್ಲಿ ಓಡಾಡಿದವರು ವರ್ಷವರ್ಷಕ್ಕೂ ಕಮ್ಮಿ ಆಗ್ತಿದ್ದಾರೆ.