ಫ್ರೀ

ಬಳಗಾನೂರಿನಿಂದ ಸಿಂಧನೂರಿಗೆ ಹೊರಟ ಸಾದಾ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹೆಣ್ಣುಮಕ್ಕಳಿಗೆ ಸೊನ್ನೆ ದರದ ಟಿಕೆಟ್ ಹರಿದು ಕೊಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ‘ಫ್ರೀ ಬಸ್’ ಎಲ್ಲರ ಬಾಯಲ್ಲೂ ಇದೆ. ಆದರೆ ಈ ಸೀಮೆಯ ಮಾತಿನಲ್ಲಿ ಫ್ರೀ ಅಂದರೆ ಬರೀ ಪುಕ್ಕಟೆ ಅಲ್ಲ. ‘ನಾಳಿಗೆ ಫ್ರೀ ಅದಿಯೇನವ್ವಾ?’ ಅಂದರೆ ಬಿಡುವು. ‘ನಟ್ಟು ಫ್ರೀ ಆತು’ ಅಂದರೆ ಬಿಗಿ ಸಡಿಲಾಯಿತು. ‘ಫ್ರೀಯಾಗಿ ಮಾತಾಡು’ ಅಂದರೆ ಅಂಜಬ್ಯಾಡ.

ಇಂಗ್ಲಿಷಿನಲ್ಲಿ ಈ ಪದ ಬಹಳ ಹಳೆಯದು. ಅದರ ಬೇರಿನ ಅರ್ಥ ‘ಒಲಿದ, ಅಕ್ಕರೆಯ’ ಎಂದು. ಮನೆಯ ಅಕ್ಕರೆಯವರು, ಅಂದರೆ ಜೀತದಾಳಲ್ಲದವರು. ಸ್ವತಂತ್ರ ಎಂಬ ಅರ್ಥ ಹುಟ್ಟಿದ್ದು ಹಾಗೆ. ‘ಫ್ರೆಂಡ್’ ಇದೇ ಬೇರಿನದು. ಸಂಸ್ಕೃತದಿಂದ ಬಂದ ನಮ್ಮ ‘ಪ್ರಿಯ’ ಕೂಡ! ದುಡ್ಡಿಲ್ಲದೆ ಎಂಬ ಅರ್ಥ ಸೇರಿಕೊಂಡದ್ದು ತೀರ ಆಮೇಲೆ.

‘ಬಿಟ್ಟಿ’ಯ ಹಾದಿ ಇದಕ್ಕೆ ಪೂರಾ ಉಲ್ಟಾ. ಅದು ‘ವಿಷ್ಟಿ’ಯ ತದ್ಭವ, ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಂಡ ದುಡಿಮೆ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಬಿಟ್ಟಿ ಚಾಕರಿ ಏನೆಂದು ಗೊತ್ತು. ಆದ್ದರಿಂದ ಹೆಂಗಸರ ಬಸ್ ಪ್ರಯಾಣವನ್ನು ‘ಬಿಟ್ಟಿ’ ಎಂದು ಜರಿಯುವುದು ನನಗೆ ಒಪ್ಪಿಗೆಯಿಲ್ಲ. ಭತ್ತದ ನಾಟಿಗೆ, ಹತ್ತಿ ಬಿಡಿಸಲಿಕ್ಕೆ, ಸಂತೆಗೆ, ತವರಿಗೆ ಯಾರ ಮುಂದೂ ಕೈಚಾಚದೆ ಹೊರಡುವಾಕೆಗೆ ಫ್ರೀ ಎಂಬುದು ಹಳೆಯ ಅರ್ಥದಲ್ಲೇ ಹೊಂದುತ್ತದೆ. ಸರ್ಕಾರಿ ಕಾಗದದಲ್ಲಿರುವ ‘ಉಚಿತ’ಕ್ಕೂ ಮೂಲ ಅರ್ಥ ‘ತಕ್ಕದ್ದು’ ಎಂದೇ.