ಘಟಪ್ರಭೆಯ ನೀರೂ ಮಳೆಯ ಲೆಕ್ಕವೂ

ಹವಾಮಾನಶಾಸ್ತ್ರಕ್ಕೂ ರಾಜನೀತಿಗೂ ಉಂಟಾದ ಸಂಬಂಧವು ಇತ್ತೀಚಿನದೆಂದು ಹಲವರು ತಿಳಿದಿರುವರು. ಇದು ವಿಚಾರಾರ್ಹ. ಮಳೆ ಅಳೆಯುವ ಕುಂಡವನ್ನು ಕೌಟಿಲ್ಯನು ಇಡಹೇಳಿದ್ದು ಜೋಯಿಸನ ಮನೆಯಲ್ಲಲ್ಲ, ಅರಸನ ಕೋಷ್ಠಾಗಾರದಲ್ಲಿ. ಅಳತೆಯು ಬೆಳೆದದ್ದು ಬೊಕ್ಕಸದ ಮಗ್ಗುಲಲ್ಲಿಯೇ.

ಘಟಪ್ರಭೆಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿಗೆ ನೀರು ಕೂಡುವುದು ಘಟ್ಟದ ಮಳೆಯಿಂದ. ಗೋಕಾಕ, ಮೂಡಲಗಿಗಳ ಬಯಲಿಗೆ ಮಳೆ ವಿರಳ. (ಮೂಡಲಗಿಯು ಈಚಿನವರೆಗೆ ಗೋಕಾಕ ತಾಲೂಕಿನದೇ ಆಗಿದ್ದಿತೆಂಬುದನ್ನು ಹಳೆಯ ದಾಖಲೆಗಳನ್ನು ನೋಡುವವರು ನೆನಪಿಡತಕ್ಕದ್ದು.) 1876-78ರ ಕ್ಷಾಮವು ಬೆಳಗಾವಿ ಸೀಮೆಯನ್ನೂ ಹಿಂಡಿತು. ತರುವಾಯ ಸರಕಾರವು, 1875ರಲ್ಲಿ ಸ್ಥಾಪಿತವಾಗಿದ್ದ ಹವಾಮಾನ ಇಲಾಖೆಯಿಂದ ಮುಂಗಾರಿನ ಭವಿಷ್ಯವನ್ನೇ ಬೇಡತೊಡಗಿತು. ಬ್ಲಾನ್‌ಫರ್ಡನು 1884ರಲ್ಲಿ ಹಿಮಾಲಯದ ಹಿಮಕ್ಕೂ ಮಳೆಗೂ ನಂಟನ್ನು ಹೇಳಿದನು. ವಾಕರನು 1924ರಲ್ಲಿ ಶಾಂತಸಾಗರ, ಹಿಂದೂ ಮಹಾಸಾಗರಗಳ ನಡುವಣ ವಾಯುಭಾರದ ತೂಗಾಟಕ್ಕೆ ಹೆಸರಿಟ್ಟನು. ಇಂದಿನ ಎಲ್ ನಿನೊ ವಿಚಾರಕ್ಕೆ ಅದು ಬುನಾದಿ. ಕ್ಷಾಮದ ಭಯವಿಲ್ಲದಿದ್ದರೆ ಈ ಶೋಧಗಳಿಗೆ ಅಷ್ಟು ದ್ರವ್ಯವೂ ಅವಸರವೂ ದೊರೆಯುತ್ತಿರಲಿಲ್ಲವೆಂದು ನಮ್ಮ ಎಣಿಕೆ. ಇತ್ತ ಧೂಪದಾಳದಲ್ಲಿ ನದಿಗೆ ಒಡ್ಡು ಬಿದ್ದು ಗೋಕಾಕ ಕಾಲುವೆ ಹರಿಯಿತು.

ಹೀಗೆ ರಾಜನೀತಿಯು ಬೆಳೆಸಿದ ಲೆಕ್ಕವು ತಿರುಗಿ ರಾಜನೀತಿಯನ್ನು ಕಟ್ಟಿಹಾಕಿದ ಬಗೆ ಇನ್ನೂ ಸ್ವಾರಸ್ಯವಾದುದು. ಘಟಪ್ರಭೆಯು ಕೃಷ್ಣೆಯ ಉಪನದಿ. ಆದುದರಿಂದ ಅದರ ನೀರು ಮಹಾರಾಷ್ಟ್ರ, ಕರ್ನಾಟಕ, ಆಂಧ್ರಗಳ ವ್ಯಾಜ್ಯಕ್ಕೆ ಒಳಗಾಯಿತು. ಬಚಾವತ್ ನ್ಯಾಯಮಂಡಳಿಯು 1973ರಲ್ಲಿ, ನಾಲ್ಕು ವರ್ಷಗಳಲ್ಲಿ ಮೂರು ವರ್ಷ ತಪ್ಪದೆ ದೊರೆಯುವ ಕೃಷ್ಣೆಯ ನೀರನ್ನು 2060 ಟಿಎಂಸಿ ಎಂದು ನಿರ್ಣಯಿಸಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು 2010ರಲ್ಲಿ 47 ವರ್ಷಗಳ ಬೇರೊಂದು ದಾಖಲೆಯನ್ನು ಹಿಡಿದು, ಶೇಕಡಾ 75ರ ಖಾತ್ರಿಯನ್ನು 65ಕ್ಕೆ ಇಳಿಸಿ, 2293 ಟಿಎಂಸಿ ಎಂದಿತು. ನದಿಯು ಅದೇ, ಎಣಿಸಿದ ವರ್ಷಗಳು ಬೇರೆ, ಭರವಸೆಯ ಮಟ್ಟ ಬೇರೆ. ಮಟ್ಟ ಇಳಿದಂತೆ ಹಂಚುವ ನೀರು ಹೆಚ್ಚುವುದು, ಕೊರತೆಯ ವರ್ಷಗಳೂ ಹೆಚ್ಚುವುವು. ಆ ಕೊರತೆಯನ್ನು ಹೊರತಕ್ಕವರಾರೆಂಬುದನ್ನು ಯಾವ ಮಳೆಮಾಪಕವೂ ಹೇಳಲಾರದು.

ಎರಡು ನಿರ್ಣಯಗಳಿಗೂ ಆಧಾರವಾದುದು ಗತಕಾಲದ ಹರಿವು. ಮುಂದಿನ ಮಳೆ ಹಿಂದಿನಂತಿರುವುದೆಂಬ ನಂಬಿಕೆಯೇ ಈಗ ಸಂದೇಹಕ್ಕೆ ಬಂದಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣವನ್ನು ಹೊಕ್ಕಿತು. ಮೂಡಲಗಿಯ ಹೊಳೆದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಂತವು. ಮೇಲ್ಗಡೆ, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವು ಸುಮಾರು 51 ಟಿಎಂಸಿ ಹಿಡಿಯುವುದು. ಅದನ್ನು ಬೇಸಗೆಗಾಗಿ ತುಂಬಿಡಬೇಕೋ, ನೆರೆಗಾಗಿ ತೆರವಿಡಬೇಕೋ? ಕಾಲುವೆಯ ರೈತನಿಗೆ ಮೊದಲನೆಯದು ಬೇಕು, ಹೊಳೆದಂಡೆಯವನಿಗೆ ಎರಡನೆಯದು. ಅಣೆಕಟ್ಟಿನ ಅಧಿಕಾರಿಯು ಪ್ರತಿ ಮಳೆಗಾಲದಲ್ಲಿಯೂ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಕೈಯಲ್ಲಿ ಹಿಡಿದು ಇವರಿಬ್ಬರ ನಡುವೆ ನಿಲ್ಲುವನು.